ಪಾತ್ರಕ್ಕೆ ದುಡ್ಡು ಕೊಡೋರು ಯಾರು? ಶಿವರಾಜ್ ಕೆ.ಆರ್.ಪೇಟೆ ನಡೆದ ದಾರಿ

ಮಾಕವಳ್ಳಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯೋ ದಿನಗಳಲ್ಲಿ ಆ ರಸ್ತೆಯಲ್ಲಿ ಟೀ ಅಂಗಡಿಗಳಿಗೆ ಪುರುಸೊತ್ತಿರಲ್ಲ. ಟ್ರ್ಯಾಕ್ಟರ್ ಸಾಲು ನಿಂತಿರುತ್ತೆ, ಡ್ರೈವರ್‌ಗಳು ಫೋನ್ ಹಿಡಿದು ಕೂತಿರುತ್ತಾರೆ. ಹಾಗೆ ಒಂದು ಸಂಜೆ, ನನಗೆ ಪರಿಚಯದ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ. ವಯಸ್ಸು ಇಪ್ಪತ್ತೆರಡು ಇರಬಹುದು. ಗಣಪತಿ ಹಬ್ಬದಲ್ಲಿ ಊರವರನ್ನೆಲ್ಲ ನಗಿಸೋ ಹುಡುಗ.

"ಅಣ್ಣ, ನೀನು ಪೇಪರ್‌ನೋನು. ಒಸಿ ಇದ್ ನೋಡು" ಅಂತ ವಾಟ್ಸಾಪ್ ತೆಗೆದು ತೋರಿಸಿದ. ಹೊಸ ಸಿನಿಮಾಗೆ ಹಾಸ್ಯನಟರು ಬೇಕಂತೆ. ನೋಂದಣಿಗೆ ಎಂಟು ಸಾವಿರ. ಆಯ್ಕೆಯಾದ ಮೇಲೆ ಹೀರೋ ಫ್ರೆಂಡ್ ಪಾತ್ರಕ್ಕೆ ಇಪ್ಪತ್ತೈದು ಸಾವಿರ. ಎಂಟು ಸಾವಿರ ಆಗಲೇ ಕಳಿಸಿಬಿಟ್ಟಿದ್ದ. ಇಪ್ಪತ್ತೈದಕ್ಕೆ ಮನೆಯ ಹಸು ಮಾರೋ ಮಾತು ನಡೀತಿತ್ತು.

"ಯಾರಾದ್ರೂ ದುಡ್ಡು ಕೊಟ್ಟು ಪಾತ್ರ ತಗೋತಾರೇನ್ಲಾ?" ಅಂದೆ.

"ಯಾಕಣ್ಣ, ನಮ್ಮೂರ್ ನಾಟಕದಲ್ಲಿ ಎಲ್ಲಾರೂ ಕೊಡಲ್ವಾ? ಶಿವರಾಜಣ್ಣನೂ ಹಿಂಗೇ ತಾನೆ ಹೋಗಿದ್ದು?"

ಮೊದಲನೇ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಅವನು ಹೇಳಿದ್ದು ನಿಜ. ಎರಡನೆಯದು ಮಾತ್ರ ತಪ್ಪು. ಈ ಎರಡರ ನಡುವೆ ನಮ್ಮ ಕನ್ನಡ ಹಾಸ್ಯನಟರ ಚರಿತ್ರೆಯೇ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರ ನಾಟಕದ ಲೆಕ್ಕ

ಮಂಡ್ಯ ಸೀಮೆಯಲ್ಲಿ 'ಕುರುಕ್ಷೇತ್ರ' ನಾಟಕ ಹೇಗೆ ನಡೆಯುತ್ತೆ ಅಂತ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ನಾಟಕದ ಮೇಷ್ಟ್ರು ಹಾರ್ಮೋನಿಯಂ ತಗೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಬರುತ್ತವೆ. ಖರ್ಚೆಲ್ಲ ಪಾತ್ರಧಾರಿಗಳ ಮೇಲೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಹೊಲ ಉಳುವವನು ಒಂದು ರಾತ್ರಿ ಕಿರೀಟ ಇಟ್ಟುಕೊಳ್ಳೋಕೆ ಸ್ವಂತ ದುಡ್ಡು ಕಟ್ಟುತ್ತಾನೆ. ಅದು ಅವನ ಆಸೆ, ಅವನ ಹಬ್ಬ. ಅದರಲ್ಲಿ ಮೋಸ ಇಲ್ಲ.

ಆದರೆ ಅದು ಹವ್ಯಾಸ. ನಾಟಕವನ್ನೇ ಹೊಟ್ಟೆಪಾಡು ಮಾಡಿಕೊಂಡ ವೃತ್ತಿ ಕಂಪನಿಗಳಲ್ಲಿ ಲೆಕ್ಕ ಬೇರೆ ಇತ್ತು. ಅಲ್ಲಿ ಜನ ಟಿಕೆಟ್ ತಗೋತಿದ್ದರು, ಕಂಪನಿ ನಟನಿಗೆ ಸಂಬಳ ಕೊಡ್ತಿತ್ತು. ಗುಬ್ಬಿ ವೀರಣ್ಣನವರ ಕಂಪನಿ ಇವುಗಳಲ್ಲಿ ದೊಡ್ಡದು. ವೀರಣ್ಣನವರೇ ಹೆಸರಾಂತ ಹಾಸ್ಯಪಾತ್ರಧಾರಿ. ನಾಟಕ ನೋಡೋಕೆ ಬಂದವರಲ್ಲಿ ಅರ್ಧ ಜನ ಹಾಸ್ಯದ ದೃಶ್ಯಕ್ಕೇ ಕಾಯುತ್ತಿದ್ದ ಕಾಲ ಅದು. ಮುಖ್ಯ ಕಥೆಯ ಮಧ್ಯೆ ಐದೋ ಹತ್ತೋ ನಿಮಿಷ ಹಾಸ್ಯಗಾರ ಬಂದು ನಗಿಸಿ ಹೋಗಬೇಕು. ಇವತ್ತು ಟಿವಿಯಲ್ಲಿ ಸ್ಕಿಟ್ ಅಂತ ಕರೆಯೋದಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇಲ್ಲ.

ನಗಿಸುವವನಿಗೆ ನಾಯಕನ ಪಾತ್ರ ಯಾರು ಕೊಟ್ಟರು?

ತಿಪಟೂರಿನ ನರಸಿಂಹರಾಜು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. ಗುಬ್ಬಿ ಕಂಪನಿಯಲ್ಲೂ ಇದ್ದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ಬಂತು. ರಾಜ್‌ಕುಮಾರ್ ಅದರಲ್ಲಿ ನಾಯಕ, ನರಸಿಂಹರಾಜು ಹಾಸ್ಯನಟ. ಅಲ್ಲಿಂದ 1979ರಲ್ಲಿ ತೀರಿಕೊಳ್ಳುವ ತನಕ ಇನ್ನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು. 'ಹಾಸ್ಯ ಚಕ್ರವರ್ತಿ' ಅಂತ ಜನ ಕರೆದರು.

ಇಷ್ಟೆಲ್ಲ ಇದ್ದರೂ ಅವರು ಬಹುಪಾಲು ನಾಯಕನ ಪಕ್ಕದಲ್ಲೇ ನಿಂತರು. 1974ರ 'ಪ್ರೊಫೆಸರ್ ಹುಚ್ಚೂರಾಯ'ದಲ್ಲಿ ಹೆಸರಿನ ಪಾತ್ರ ಅವರದ್ದೇ. ಆದರೆ ಆ ಸಿನಿಮಾದ ನಿರ್ಮಾಪಕರೂ ಅವರೇ. ಅಷ್ಟು ದೊಡ್ಡ ನಟ ಕಥೆಯ ನಡುವೆ ನಿಲ್ಲಬೇಕಾದಾಗ ಬಂಡವಾಳದ ಭಾರವನ್ನೂ ತಾವೇ ಹೊತ್ತರು.

ಮೂವತ್ತೆಂಟು ವರ್ಷ ಆದ ಮೇಲೂ ಇದೇ ಕಥೆ. ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ದಂಪತಿಯ ಮಗ ಶರಣ್. ವರ್ಷಗಟ್ಟಲೆ ಹಾಸ್ಯನಟರಾಗಿದ್ದವರು. 2012ರಲ್ಲಿ ಅವರ ನೂರನೇ ಸಿನಿಮಾ 'ರ‍್ಯಾಂಬೊ'ದಲ್ಲಿ ನಾಯಕರಾದರು. ಅದರ ನಿರ್ಮಾಣದಲ್ಲೂ ಅವರು ಪಾಲುದಾರರು. ಸಿನಿಮಾ ಗೆದ್ದಿತು, ಆಮೇಲೆ ಬೇರೆ ನಿರ್ಮಾಪಕರು ಬಂದರು. ಆದರೆ ಮೊದಲ ಬಾಗಿಲನ್ನು ಅವರೇ ತೆಗೆದುಕೊಳ್ಳಬೇಕಾಯಿತು.

ಹಾಗಾದರೆ ಟೀ ಅಂಗಡಿ ಹುಡುಗ ಹೇಳಿದ್ದು ಸರಿ ಅಲ್ವಾ ಅಂತ ಕೇಳಬಹುದು. ಅಲ್ಲ. ಇವರು ಯಾರದೋ ಖಾತೆಗೆ ದುಡ್ಡು ಹಾಕಿ ಪಾತ್ರ ಕೇಳಲಿಲ್ಲ. ನಟರಾಗಿ ವರ್ಷಗಟ್ಟಲೆ ದುಡಿದ ಮೇಲೆ, ಲೆಕ್ಕಪತ್ರ ಕೈಯಲ್ಲಿಟ್ಟುಕೊಂಡು ಸಿನಿಮಾ ತೆಗೆದರು. ದುಡ್ಡು ಹೋದರೂ ಬಂದರೂ ಸಿನಿಮಾ ಅವರದ್ದಾಗಿತ್ತು.

ನಾಗಮಂಗಲದಿಂದ ಹೊರಟ ಇನ್ನೊಂದು ದಾರಿ

ನಮ್ಮ ಕಡೆಯಿಂದ ಸಿನಿಮಾಗೆ ಹೋದ ಇನ್ನೊಂದು ದಾರಿ ಇದೆ. ಅದರಲ್ಲಿ ಕಟ್ಟಬೇಕಾದ್ದು ವರ್ಷಗಳನ್ನು. ನಾಗಮಂಗಲದ ಮಂಡ್ಯ ರಮೇಶ್ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿತರು. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ಅದರ ಮೊದಲ ತಂಡ ಸೇರಿದರು. 1996ರಲ್ಲಿ ನಾಗಾಭರಣರ 'ಜನುಮದ ಜೋಡಿ'ಯಲ್ಲಿ ರಾಜ್ಯದ ಜನ ಅವರ ಮುಖ ಗುರುತಿಸಿದರು. ಮುಂದೆ 'ಮಜಾ ಟಾಕೀಸ್' ಕಾರ್ಯಕ್ರಮದ ಮುದ್ದೇಶ ಆಗಿ ಮನೆಮನೆಗೂ ಬಂದರು. ಮೈಸೂರಿನಲ್ಲಿ 'ನಟನ' ಅನ್ನೋ ರಂಗಶಾಲೆ ಕಟ್ಟಿ ಹೊಸಬರಿಗೆ ಕಲಿಸುತ್ತಿದ್ದಾರೆ.

ಟಿವಿಯಲ್ಲಿ ಕಾಣಿಸಿದ ಆ ಹತ್ತು ನಿಮಿಷದ ನಗುವಿನ ಹಿಂದೆ ಇಷ್ಟು ವರ್ಷಗಳ ಕಲಿಕೆ ಇತ್ತು. ನಮ್ಮ ಹುಡುಗರ ಕಣ್ಣಿಗೆ ಬೀಳೋದು ಹತ್ತು ನಿಮಿಷ ಮಾತ್ರ.

2016: ಟಿವಿ, ಜಿಯೋ ಮತ್ತು 'ನಮ್ಮೂರೋನು'

ಈಗ ನಮ್ಮ ಪೇಟೆಯ ಶಿವರಾಜ್ ಕಥೆಗೆ ಬರೋಣ.

2016ರ ಕೊನೆಯ ತಿಂಗಳುಗಳಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಶುರುವಾಯಿತು. ತೀರ್ಪುಗಾರರು ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್. ನಡೆಸಿಕೊಟ್ಟವರು ಮಾಸ್ಟರ್ ಆನಂದ್. ರಾಜ್ಯದ ಬೇರೆ ಬೇರೆ ಕಡೆಯ ಹುಡುಗ ಹುಡುಗಿಯರು ವಾರವಾರ ಹೊಸ ಸ್ಕಿಟ್ ಮಾಡಬೇಕು. ಶಿವರಾಜ್ ಕೆ.ಆರ್.ಪೇಟೆ, ನಯನಾ, ಗೋವಿಂದೇಗೌಡ, ಹಿತೇಶ್ ಇವರೆಲ್ಲ ಮನೆಮಾತಾಗಿದ್ದು ಅಲ್ಲೇ. ಮೊದಲ ಸೀಸನ್ ಗೆದ್ದವರು ಶಿವರಾಜ್.

ಆ ಕಾರ್ಯಕ್ರಮ ಹಳ್ಳಿಗಳಲ್ಲಿ ಅಷ್ಟು ಓಡಲು ಇನ್ನೊಂದು ಕಾರಣವನ್ನೂ ನಾನು ಸೇರಿಸುತ್ತೇನೆ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. 2017ರ ಮಾರ್ಚ್ ತನಕ ಇಂಟರ್ನೆಟ್ ಪುಕ್ಕಟೆ. ಅಲ್ಲಿತನಕ ಐವತ್ತು ರೂಪಾಯಿ ಡೇಟಾ ಹಾಕಿಸಿ ಲೆಕ್ಕ ಹಾಕಿ ಬಳಸುತ್ತಿದ್ದ ನಮ್ಮ ಹುಡುಗರು ಹೊಲದ ಬದುವಿನಲ್ಲಿ ಕೂತು ವಿಡಿಯೋ ನೋಡಲು ಶುರುಮಾಡಿದರು. ರಾತ್ರಿ ಕರೆಂಟ್ ಹೋಗಿ ಟಿವಿ ನೋಡದಿದ್ದವನೂ ಬೆಳಗ್ಗೆ ಡೇರಿಗೆ ಹಾಲು ಹಾಕೋಕೆ ನಿಂತಾಗ ಅದೇ ಸ್ಕಿಟ್ ಫೋನಲ್ಲಿ ನೋಡಿ ನಗುತ್ತಿದ್ದ. ಹಾಸ್ಯಗಾರನ ಮುಖ ಜನಕ್ಕೆ ಗೊತ್ತಾಗೋಕೆ ಮೊದಲು ಕಂಪನಿ ಊರೂರು ಸುತ್ತಬೇಕಿತ್ತು. ಈಗ ಕೆಲವೇ ವಾರ ಸಾಕಾಯಿತು.

ಹೆಸರಿನ ಮಾತೂ ಇದೆ. ಶಿವರಾಜ್ ತಮ್ಮ ಹೆಸರಿನ ಹಿಂದೆ ಕೆ.ಆರ್.ಪೇಟೆ ಇಟ್ಟುಕೊಂಡರು. ಹಿಂದೆ ಅತ್ತಿಗುಪ್ಪೆ ಅಂತ ಇದ್ದ ಊರು ಕೃಷ್ಣರಾಜಪೇಟೆ ಆಯಿತು, ಬಸ್ಸಿನ ಬೋರ್ಡಿಗೆ ಕೆ.ಆರ್.ಪೇಟೆ ಆಯಿತು, ಕೊನೆಗೆ ಟಿವಿಯಲ್ಲಿ ಒಬ್ಬ ನಟನ ಹೆಸರಿನ ಭಾಗವಾಯಿತು. ನಮ್ಮ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಊರು. ಸಾಹಿತ್ಯ ಓದಿದವರಿಗೆ ಇದು ಗೊತ್ತು. ಓದದವರಿಗೂ 'ನಮ್ಮ ಪೇಟೆ' ಅನ್ನೋ ಹೆಮ್ಮೆ ತಂದದ್ದು ಒಬ್ಬ ಹಾಸ್ಯನಟ.

ಸ್ಕಿಟ್‌ನಿಂದ ಸಿನಿಮಾಗೆ

ಸ್ಕಿಟ್ ಗೆದ್ದವನು ಸಿನಿಮಾದಲ್ಲಿ ಗೆದ್ದೇ ಗೆಲ್ಲುತ್ತಾನೆ ಅಂತಿಲ್ಲ. ಎರಡೂ ಕೆಲಸ ಬೇರೆ. ಸ್ಕಿಟ್‌ನಲ್ಲಿ ಜನ ಎದುರಿಗೇ ಕೂತಿರುತ್ತಾರೆ. ನಕ್ಕರೆ ಮಾತನ್ನು ಸ್ವಲ್ಪ ಎಳೆಯಬಹುದು, ನಗದಿದ್ದರೆ ಮುಂದಿನ ಮಾತಿಗೆ ಓಡಬಹುದು. ದನಿ ಜೋರು, ಕೈಕಾಲು ಆಡಿಸೋದು ಜೋರು. ಸಿನಿಮಾದಲ್ಲಿ ಕ್ಯಾಮೆರಾ ಮುಂದೆ ಯಾರೂ ನಗುವುದಿಲ್ಲ, ಸೆಟ್‌ನಲ್ಲಿ ಎಲ್ಲರೂ ಬಾಯಿ ಮುಚ್ಚಿ ನಿಂತಿರುತ್ತಾರೆ. ಕ್ಲೈಮ್ಯಾಕ್ಸ್ ಮೊದಲು ತೆಗೆದು, ಮೊದಲ ದೃಶ್ಯ ಆಮೇಲೆ ತೆಗೆಯಬಹುದು. ಹುಬ್ಬು ಕುಣಿಸಿದರೂ ಪರದೆ ಮೇಲೆ ದೊಡ್ಡದಾಗಿ ಕಾಣುತ್ತೆ. ಸ್ಕಿಟ್‌ನಲ್ಲಿ ಎಂಟು ನಿಮಿಷ ನಗಿಸಿದರೆ ಸಾಕು. ಸಿನಿಮಾದಲ್ಲಿ ಎರಡು ಗಂಟೆ ಒಬ್ಬ ಮನುಷ್ಯನಾಗಿ ಬದುಕಬೇಕು.

ಶಿವರಾಜ್‌ಗೆ ಆ ಪರೀಕ್ಷೆ ಬಂದದ್ದು 2020ರ ಜನವರಿ 24ರಂದು ಬಿಡುಗಡೆಯಾದ 'ನಾನು ಮತ್ತು ಗುಂಡ'ದಲ್ಲಿ. ನಿರ್ದೇಶನ ಶ್ರೀನಿವಾಸ್ ತಿಮ್ಮಯ್ಯ, ನಿರ್ಮಾಣ ರಘು ಹಾಸನ್, ಜೊತೆಗೆ ಸಂಯುಕ್ತಾ ಹೊರನಾಡು. ಆಟೋ ಓಡಿಸುವ ಶಂಕರ ಮತ್ತು ಅವನ ನಾಯಿ ಗುಂಡನ ಕಥೆ. ನಗು ಇದೆ, ಆದರೆ ಸಿನಿಮಾ ನಿಂತಿರೋದು ನಗುವಿನ ಮೇಲಲ್ಲ, ಮನುಷ್ಯ ಮತ್ತು ನಾಯಿಯ ಪ್ರೀತಿಯ ಮೇಲೆ. ನಗಿಸ್ತಾನೆ ಅಂದುಕೊಂಡು ಹೋದವರು ಕಣ್ಣು ಒರೆಸಿಕೊಂಡು ಬಂದರು.

ಚರಿತ್ರೆಯ ದೃಷ್ಟಿಯಿಂದ ನನಗೆ ಮುಖ್ಯ ಅನಿಸೋದು ಇಲ್ಲೇ. ನರಸಿಂಹರಾಜು ಮುಖ್ಯಪಾತ್ರಕ್ಕೆ ತಾವೇ ಬಂಡವಾಳ ಹಾಕಿದರು. ಶರಣ್ ನೂರನೇ ಸಿನಿಮಾದಲ್ಲಿ ತಾವೂ ಪಾಲು ಹಾಕಿದರು. ಶಿವರಾಜ್ ಟಿವಿಯಲ್ಲಿ ಗೆದ್ದ ಮೂರೇ ವರ್ಷಕ್ಕೆ ಬೇರೊಬ್ಬ ನಿರ್ಮಾಪಕರು ಅವರನ್ನು ನಂಬಿ ದುಡ್ಡು ಹಾಕಿದರು. ಮಂಡ್ಯದ ಮಾತಾಡುವ, ಹೀರೋ ಮೈಕಟ್ಟು ಇಲ್ಲದ ಹುಡುಗನ ಮೇಲೆ. ಮುಖ ಜನಕ್ಕೆ ಆಗಲೇ ಗೊತ್ತಿತ್ತು ಅನ್ನೋದೇ ಆ ನಂಬಿಕೆಗೆ ಆಧಾರ ಅಂತ ನನ್ನ ಅಂದಾಜು.

ಆಮೇಲೇನಾಯ್ತು? ಎರಡು ತಿಂಗಳಿಗೆ ಲಾಕ್‌ಡೌನ್ ಬಂದು ಚಿತ್ರಮಂದಿರಗಳೇ ಮುಚ್ಚಿದವು. 2021ರ ಮಾರ್ಚ್‌ನಲ್ಲಿ ದರ್ಶನ್ ಅವರ 'ರಾಬರ್ಟ್'ನಲ್ಲಿ ಶಿವರಾಜ್ ಪೋಷಕ ಪಾತ್ರದಲ್ಲಿ ಕಂಡರು. 2022ರಲ್ಲಿ 'ಧಮಾಕ'ದಲ್ಲಿ ಮತ್ತೆ ಮುಖ್ಯಪಾತ್ರ, ಜೋಡಿಯಾಗಿ ಅದೇ ಕಿಲಾಡಿಗಳ ನಯನಾ. ಒಮ್ಮೆ ನಡುವೆ, ಒಮ್ಮೆ ಪಕ್ಕದಲ್ಲಿ. ಹೀರೋ ಆದವನು ಮತ್ತೆ ಫ್ರೆಂಡ್ ಪಾತ್ರ ಮಾಡಿದರೆ ಸೋತ ಅಂತ ಕೆಲವರು ಅಂತಾರೆ. ನನಗೆ ಹಾಗೆ ಅನಿಸಲ್ಲ. ಒಂದು ವರ್ಷ ಭತ್ತ, ಒಂದು ವರ್ಷ ರಾಗಿ ಬೆಳೆದವನನ್ನು ಸೋತ ರೈತ ಅಂತೀವಾ? ನೀರು ಇದ್ದಂಗೆ ಬೆಳೆ. ಕಲಾವಿದನ ಕಸುಬು ನಡೀತಾ ಇರೋದೇ ದೊಡ್ಡದು.

ಹುಡುಗನಿಗೆ ಹೇಳಿದ್ದು

ಇದೇ ಕಥೆಯನ್ನು ಚಿಕ್ಕದಾಗಿ ಆ ಹುಡುಗನಿಗೆ ಹೇಳಿದೆ. "ಶಿವರಾಜಣ್ಣ ಜನರ ಮುಂದೆ ವಾರವಾರ ನಟಿಸಿ ಗೆದ್ದು ಹೋದವರು. ದುಡ್ಡು ಕಳಿಸಿ ಪಾತ್ರ ಕೊಂಡುಕೊಂಡವರಲ್ಲ. ಕಬ್ಬು ಕಡಿಯೋಕೆ ಕರೆದವನು ನಿನಗೆ ಕೂಲಿ ಕೊಡ್ತಾನೋ, ನಿನ್ನತ್ರ ಕೂಲಿ ಕೇಳ್ತಾನೋ?" ಅಂದೆ. ಸುಮ್ಮನಾದ.

ಅಲ್ಲೇ ಕೂತು ಆ ನಂಬರಿಗೆ ಫೋನ್ ಮಾಡಿಸಿದೆ. ಸಿನಿಮಾ ಹೆಸರು, ನಿರ್ದೇಶಕರ ಹೆಸರು, ಆಫೀಸ್ ಎಲ್ಲಿ ಅಂತ ಕೇಳಿಸಿದೆ. ಆ ಕಡೆಯವರು ಕಟ್ ಮಾಡಿದರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಸೈಬರ್ ವಂಚನೆಗೆ ಇರುವ 1930 ನಂಬರಿಗೆ ದೂರು ಕೊಡಿಸಿದೆವು. ಎಂಟು ಸಾವಿರ ಇನ್ನೂ ವಾಪಸ್ ಬಂದಿಲ್ಲ. ಹಸು ಮಾತ್ರ ಕೊಟ್ಟಿಗೆಯಲ್ಲೇ ಇದೆ.

ಓದುಗರಲ್ಲಿ ನಗಿಸೋ ಮಕ್ಕಳಿರುವ ಅಪ್ಪ ಅಮ್ಮಂದಿರು ಇದ್ದರೆ ಮೂರು ಮಾತು. ಪಾತ್ರ ಕೊಡ್ತೀವಿ ಅಂತ ದುಡ್ಡು ಕೇಳಿದರೆ ಕೊಡಬೇಡಿ. ಆಡಿಷನ್ ಸುದ್ದಿ ಬಂದರೆ ವಾಹಿನಿಯವರೇ ತಮ್ಮ ಟಿವಿಯಲ್ಲಿ, ತಮ್ಮ ಪುಟದಲ್ಲಿ ಹೇಳಿದ್ದಾರಾ ನೋಡಿ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಕಲಿಯೋದಕ್ಕೆ ಮಾಡಿ. ಹೆಗ್ಗೋಡು ಇದೆ, ನಮಗೆ ಹತ್ತಿರದಲ್ಲೇ ಮೈಸೂರಿದೆ. ದುಡ್ಡು ಕಳೆದುಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಆ ಹುಡುಗ ಈಗ ಅವರೂರಿನ ನಾಟಕದಲ್ಲಿ ಪಾತ್ರ ಮಾಡ್ತಾ ಇದ್ದಾನೆ. ಮೊನ್ನೆ ಪ್ರಾಕ್ಟೀಸ್ ನೋಡೋಕೆ ಹೋಗಿದ್ದೆ. "ಎಷ್ಟು ಕೊಟ್ಟೆಲಾ ಪಾತ್ರಕ್ಕೆ?" ಅಂದೆ.

"ಮೂರು ಸಾವಿರ ಕಣಣ್ಣ. ಆದ್ರೆ ಇದಕ್ಕೆ ಲೆಕ್ಕ ಐತೆ. ಮೇಷ್ಟ್ರುದು, ಸೀನರೀದು, ರಾತ್ರಿ ಊಟದ್ದು, ಎಲ್ಲಾ ಬರ್ದವ್ರೆ" ಅಂತ ಜೇಬಿನಿಂದ ಚೀಟಿ ತೆಗೆದು ತೋರಿಸಿದ.