ಜೈಲಿನ ಖರ್ಚು, ಸುಧಾರಣೆಯ ಗಳಿಕೆ

ಶಿಕ್ಷೆ ಮುಗಿಸಿ ಹೊರಬಂದವರು ಮತ್ತೆ ಅಪರಾಧ ಮಾಡದಂತೆ ತಡೆಯಲು ಸರ್ಕಾರ ಹಣ ಹಾಕಬೇಕೇ? ಹಾಕಿದರೆ ಅದು ವಾಪಸು ಬರುತ್ತದೆಯೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಐವತ್ತು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ.

1974ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್ 231 ಅಧ್ಯಯನಗಳನ್ನು ಪರಿಶೀಲಿಸಿ, ಅಲ್ಲೊಂದು ಇಲ್ಲೊಂದು ಬಿಟ್ಟರೆ ಸುಧಾರಣಾ ಯತ್ನಗಳಿಂದ ಮರು ಅಪರಾಧ ಹೇಳಿಕೊಳ್ಳುವಷ್ಟು ತಗ್ಗಿಲ್ಲ ಎಂದು ಬರೆದರು. ಅದು ‘ಯಾವುದರಿಂದಲೂ ಪ್ರಯೋಜನವಿಲ್ಲ’ ಎಂಬ ಘೋಷಣೆಯಾಗಿ ಹಬ್ಬಿತು. 1979ರಲ್ಲಿ ಅವರೇ ತಮ್ಮ ಮಾತನ್ನು ತಿದ್ದಿಕೊಂಡರೂ ಕೇಳುವವರಿರಲಿಲ್ಲ. ಶಿಕ್ಷೆಯ ಅವಧಿ ಹೆಚ್ಚುತ್ತ, ಜೈಲುಗಳು ತುಂಬುತ್ತ ಹೋದವು.

ಆ ನಿರಾಶೆಗೆ ಗಟ್ಟಿಯಾದ ಉತ್ತರ ಬಂದದ್ದು ಕೆನಡಾದಿಂದ. ಡಾನ್ ಆಂಡ್ರ್ಯೂಸ್, ಜೇಮ್ಸ್ ಬೊಂಟಾ ಮತ್ತು ಸಂಗಡಿಗರು 1990ರಲ್ಲಿ ಹತ್ತಾರು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಯಾರು ಮತ್ತೆ ತಪ್ಪು ಮಾಡುವ ಸಂಭವ ಹೆಚ್ಚೋ ಅವರನ್ನೇ ಆರಿಸಿ, ಅವರ ಅಗತ್ಯಕ್ಕೆ ತಕ್ಕ ತರಬೇತಿ ಕೊಟ್ಟರೆ ಫಲವಿದೆ, ಬರೀ ಶಿಕ್ಷೆಯಿಂದ ಇಲ್ಲ ಎಂಬುದು ಅವರ ತೀರ್ಮಾನ.

ಫಲವಿದೆ ಎಂದಮೇಲೆ, ಎಷ್ಟು ಬೆಲೆಗೆ ಎಂಬ ಪ್ರಶ್ನೆ ಬಂತು. ಅದನ್ನು ಶಿಸ್ತಾಗಿ ಕೈಗೆತ್ತಿಕೊಂಡದ್ದು ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ನೀತಿ ಸಂಸ್ಥೆ. 2020ರ ಹೊತ್ತಿಗೆ ಎರಡು ಹೊಸ ಜೈಲು ಬೇಕಾಗುತ್ತವೆ ಎಂಬ ಅಂದಾಜು ಶಾಸಕರ ಮುಂದಿತ್ತು. ಒಂದನ್ನು ಕಟ್ಟಲು ಸುಮಾರು 25 ಕೋಟಿ ಡಾಲರ್, ನಡೆಸಲು ವರ್ಷಕ್ಕೆ 4.5 ಕೋಟಿ. ಇದಕ್ಕೆ ಬೇರೆ ದಾರಿ ಇದೆಯೇ ನೋಡಿ ಎಂದು ಅವರು ಸಂಸ್ಥೆಗೆ ಹೇಳಿದರು. ಸ್ಟೀವ್ ಆಸ್ ಮತ್ತು ಸಹೋದ್ಯೋಗಿಗಳು 571 ಅಧ್ಯಯನಗಳನ್ನು ಜರಡಿ ಹಿಡಿದು 2006ರಲ್ಲಿ ವರದಿ ಕೊಟ್ಟರು.

ಅವರ ವಿಧಾನ ಸರಳ. ಹೋಲಿಕೆಯ ಗುಂಪಿಲ್ಲದ ಅಧ್ಯಯನ ಲೆಕ್ಕಕ್ಕಿಲ್ಲ. ದುರ್ಬಲ ಅಧ್ಯಯನದ ಫಲವನ್ನು ತಗ್ಗಿಸಿಯೇ ಹಿಡಿಯಬೇಕು. ತಪ್ಪಿದ ಅಪರಾಧಗಳಿಂದ ಪೊಲೀಸ್, ಕೋರ್ಟು, ಜೈಲಿಗೆ ಉಳಿದ ಹಣ ಒಂದು ಕಡೆ, ಸಂತ್ರಸ್ತರಿಗೆ ತಪ್ಪಿದ ನಷ್ಟ ಇನ್ನೊಂದು ಕಡೆ. ಜೈಲಿನಲ್ಲಿ ಕೊಡುವ ವೃತ್ತಿ ತರಬೇತಿಯನ್ನೇ ನೋಡಿ. ತಲಾ ಖರ್ಚು 1,182 ಡಾಲರ್. ಮರು ಅಪರಾಧ ಶೇ 9ರಷ್ಟು ಇಳಿಕೆ. ತೆರಿಗೆದಾರರಿಗೆ 6,806 ಡಾಲರ್, ಸಂತ್ರಸ್ತರಾಗಬಹುದಾಗಿದ್ದವರಿಗೆ 8,114 ಡಾಲರ್ ಉಳಿತಾಯ. ಖರ್ಚು ಕಳೆದು ನಿಂತ ಲಾಭ 13,738 ಡಾಲರ್. ಯೋಚನೆಯ ರೀತಿಯನ್ನು ತಿದ್ದುವ ವರ್ತನಾ ಚಿಕಿತ್ಸೆಗೆ ತಲಾ ಬರೀ 105 ಡಾಲರ್ ಸಾಕಾಗಿತ್ತು. ನಿವ್ವಳ ಲಾಭ ಹತ್ತು ಸಾವಿರ ಡಾಲರ್ ದಾಟಿತು.

ಬಿಡುಗಡೆಯಾದವರ ಮೇಲಿನ ಬಿಗಿ ನಿಗಾ ಇನ್ನೂ ದೊಡ್ಡ ಪಾಠ ಕಲಿಸಿತು. ಕಾವಲನ್ನಷ್ಟೇ ಹೆಚ್ಚಿಸಿದಲ್ಲಿ ಇಳಿಕೆ ಸೊನ್ನೆ. ತಲಾ 3,747 ಡಾಲರ್ ನೀರುಪಾಲು. ಅದೇ ನಿಗಾದ ಜೊತೆ ಚಿಕಿತ್ಸೆ ಸೇರಿಸಿದಾಗ ಇಳಿಕೆ ಶೇ 16.7. ಖರ್ಚು 7,124 ಡಾಲರಿಗೆ ಏರಿದರೂ ನಿವ್ವಳ ಲಾಭ 11,563 ಡಾಲರ್.

2007ರಲ್ಲಿ ಶಾಸನಸಭೆ ಒಂದು ಜೈಲಿನ ಯೋಜನೆಯನ್ನು ಕೈಬಿಟ್ಟು, ಪುರಾವೆಯುಳ್ಳ ಕಾರ್ಯಕ್ರಮಗಳಿಗೆ 4.8 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ ರ‍್ಯಾಂಡ್ ಸಂಸ್ಥೆ, ಜೈಲಿನೊಳಗಿನ ಶಿಕ್ಷಣಕ್ಕೆ ಹಾಕಿದ ಪ್ರತಿ ಡಾಲರಿಗೆ ಮೂರು ವರ್ಷಗಳಲ್ಲಿ ಮರು ಸೆರೆವಾಸದ ಖರ್ಚಿನಲ್ಲಿ 4ರಿಂದ 5 ಡಾಲರ್ ಉಳಿಯುತ್ತದೆ ಎಂದು ಅಂದಾಜಿಸಿತು.

ಈ ಲೆಕ್ಕಕ್ಕೆ ಮಿತಿಗಳೂ ಇವೆ. ಸಂತ್ರಸ್ತರ ನೋವಿಗೆ ಬೆಲೆ ಕಟ್ಟುವುದು ಎಂದಿಗೂ ಅಂದಾಜೇ. ತಾವಾಗಿ ತರಬೇತಿಗೆ ಬರುವವರು ಮೊದಲೇ ಬದಲಾಗಲು ಮನಸ್ಸು ಮಾಡಿದವರಾಗಿರಬಹುದು. ಫಲವೂ ಸಣ್ಣದು: ವರ್ತನಾ ಚಿಕಿತ್ಸೆಯಿಂದಾದ ಶೇ 6.3ರ ಇಳಿಕೆ ಎಂದರೆ ನೂರರಲ್ಲಿ 63 ಜನ ಮತ್ತೆ ಸಿಕ್ಕಿಬೀಳುವ ಕಡೆ 59 ಜನ. ಆದರೆ ಆ ನಾಲ್ವರ ಕೈಯಿಂದ ತಪ್ಪಿದ ಕಳ್ಳತನ, ಹಲ್ಲೆಗಳು ಯಾವುದೋ ಮನೆಗಳನ್ನು ಉಳಿಸಿವೆ. ಸುಧಾರಣೆ ಎಂದರೆ ಕೈದಿಯ ಮೇಲಿನ ಕರುಣೆ ಮಾತ್ರ ಎಂದು ಭಾವಿಸುವವರು ಈ ಅಂಕಿಗಳನ್ನು ನೋಡಬೇಕು: ವೃತ್ತಿ ತರಬೇತಿಯ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಂತ್ರಸ್ತರಾಗದೆ ಉಳಿದವರದ್ದು.