ಆರಾಮ ಅದೀರೇನ್ರಿ?

ಧಾರವಾಡದ ಹತ್ತಿರದ ಗರಗದಲ್ಲಿ ಬಸ್ಸಿಳಿದವರು ಗುರುತಿನವರಾದರೆ ಮೊದಲು ಕಿವಿಗೆ ಬೀಳುವ ಮಾತು ಇದೇ: ‘ಆರಾಮ ಅದೀರೇನ್ರಿ?’ ಉತ್ತರವೂ ಅದೇ ಪದದಲ್ಲಿ: ‘ಹೂಂನ್ರಿ, ಆರಾಮ.’ ಮಡಿವಾಳೇಶ್ವರರ ಮಠದ ಊರಿದು. 1954ರಲ್ಲಿ ಖಾದಿ ಸಂಘ ಕಟ್ಟಿಕೊಂಡು, ಮುಂದೆ ರಾಷ್ಟ್ರಧ್ವಜಕ್ಕೆ ಬಟ್ಟೆ ನೇಯ್ದ ಊರು. ಚರಕದ ಮುಂದೆ ಬೆನ್ನು ಬಗ್ಗಿಸಿದವರಿಗೂ ಎರಿ ಹೊಲದಲ್ಲಿ ದುಡಿದು ಬಂದವರಿಗೂ ಈ ಪದ ಬೇಕು. ಜ್ವರ ಬಂದರೆ ‘ಮೈಯಾಗ ಆರಾಮಿಲ್ಲ’. ಜ್ವರ ಬಿಟ್ಟರೆ ‘ಆರಾಮಾತು’. ಮನೆಗೆ ಬಂದವರಿಗೆ ‘ಆರಾಮಶೀರ ಕುಂಡ್ರಿ’. ಆರೋಗ್ಯ, ಬಿಡುವು, ನೆಮ್ಮದಿ ಮೂರನ್ನೂ ಧಾರವಾಡದ ಕನ್ನಡ ಒಂದೇ ಪದಕ್ಕೆ ಒಪ್ಪಿಸಿಬಿಟ್ಟಿದೆ.

ಈ ಪದ ನಮ್ಮಲ್ಲಿಗೆ ಎರಡು ದಾರಿಯಿಂದ ಬಂತು. ಸಂಸ್ಕೃತದ ‘ಆರಾಮ’ ಎಂದರೆ ತೋಟ. ಬೌದ್ಧ ಭಿಕ್ಷುಗಳು ತಂಗುತ್ತಿದ್ದ ತೋಪುಗಳು ಸಂಘಾರಾಮಗಳಾದವು. ಹಳಗನ್ನಡ ಅದನ್ನು ‘ಆರವೆ’ ಎಂದು ತನ್ನದಾಗಿಸಿಕೊಂಡಿತು. ನಾವು ಇವತ್ತು ಕೇಳುವ ಆರಾಮ ಆ ಆರವೆಯಿಂದ ಬಂದದ್ದಲ್ಲ, ಅದು ಪಾರಸಿಯದು. ಬಹಮನಿ, ಆದಿಲಶಾಹಿ ಆಳ್ವಿಕೆಗಳಲ್ಲಿ ಪಾರಸಿ ಮಾತು ಈ ಸೀಮೆಯೊಳಗೆ ಬೆರೆಯಿತು, ಮರಾಠಿಯ ಒಡನಾಟ ಅದಕ್ಕೆ ‘ಆರಾಮಶೀರ’ದಂಥ ರೂಪಗಳನ್ನು ಕೊಟ್ಟಿತು. ಆದರೆ ಬೇರು ಹಿಡಿದು ಕೆಳಗಿಳಿದರೆ ಎರಡೂ ಒಂದೇ ಮನೆತನದವು. ‘ರಮ್’ ಎಂಬ ಧಾತುವಿಗೆ ವೇದಗಳ ಕಾಲದಲ್ಲಿ ನಿಲ್ಲು, ನೆಲೆಗೊಳ್ಳು ಎಂಬ ಅರ್ಥವಿತ್ತು. ನೆಲೆಗೊಂಡಲ್ಲಿ ಸುಖಿಸು ಎಂಬುದು ಅದರ ಬೆನ್ನಿಗೆ ಬಂತು. ವಿರಾಮವೂ ರಮಣೀಯವೂ ಅಲ್ಲಿಯವೇ. ಇನ್ನು ನಮ್ಮದೇ ‘ಆರು’ ಎಂಬ ಕ್ರಿಯಾಪದಕ್ಕೂ ಆರಾಮಕ್ಕೂ ನಂಟಿಲ್ಲ. ಆದರೂ ದಣಿವಾರಿತು, ಗಾಯ ಆರಿತು ಎಂದು ಆಡುತ್ತ ಬೆಳೆದ ಕಿವಿಗೆ ಆರಾಮ ಪರಕೀಯವಾಗಿ ಕೇಳದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಆರಾಮದ ಸೀಮೆಗೆ ಬೈಬಲೂ ಬಂತು. 1837ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಧಾರವಾಡಕ್ಕೆ ಬಂದರು, ಎರಡು ವರ್ಷ ಕಳೆದು ಹುಬ್ಬಳ್ಳಿಗೆ. ಅದಕ್ಕೂ ಮೊದಲೇ ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಕಷ್ಟಪಡುವವರನ್ನೂ ಹೊರೆ ಹೊತ್ತವರನ್ನೂ ಯೇಸು ತನ್ನ ಬಳಿಗೆ ಕರೆಯುವ ಮಾತು ಮತ್ತಾಯನ ಸುವಾರ್ತೆಯ ಹನ್ನೊಂದನೇ ಅಧ್ಯಾಯದಲ್ಲಿದೆ. ಅಲ್ಲಿ ಅವನು ಕೊಡುವುದಾಗಿ ಹೇಳುವುದಕ್ಕೆ ನಮ್ಮ ಬೈಬಲಿನಲ್ಲಿ ನೆಲೆಗೊಂಡ ಪದ ವಿಶ್ರಾಂತಿ. ಒಳ್ಳೆಯ ಪದ, ಅದರ ಹೊಟ್ಟೆಯಲ್ಲೇ ಶ್ರಮವಿದೆ, ದುಡಿದವನಿಗಷ್ಟೇ ಸಲ್ಲುವ ಪದ. ಆದರೆ ವಿಶ್ರಾಂತಿ ಎಂದರೆ ಕೆಲಸ ನಿಂತಿತು ಎಂದಷ್ಟೇ ನಮಗೆ ಹೊಳೆಯುತ್ತದೆ. ಯೇಸುವಿನ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಮರುಮಾತಿನಲ್ಲೇ ಅವನು ನೊಗ ಹೊರಲು ಹೇಳುತ್ತಾನೆ!

ಎತ್ತು ಕಟ್ಟಿದವರಿಗೆ ಇದು ಒಗಟಲ್ಲ. ಹೆಗಲಿಗೆ ಹೊಂದದ ನೊಗ ಎತ್ತಿನ ಕುತ್ತಿಗೆ ಕೆತ್ತಿ ಬಾವು ತರಿಸುತ್ತದೆ; ಹೊಂದಿದ ನೊಗದಲ್ಲಿ ಅದೇ ಎತ್ತು ಇಡೀ ಹೊತ್ತು ನಡೆಯುತ್ತದೆ. ಯೇಸು ಬಡಿಗರ ಮನೆಯವನು. ಅವನು ನೇಗಿಲು, ನೊಗ ಮಾಡುತ್ತಿದ್ದನೆಂದು ಎರಡನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಬರೆದಿದ್ದಾನೆ. ಯೇಸು ತನ್ನ ನೊಗದ ಬಗ್ಗೆ ಆಡಿದ ಮಾತಿಗೆ ಸುವಾರ್ತೆಯಲ್ಲಿರುವ ಗ್ರೀಕ್ ಪದಕ್ಕೆ ಒಳ್ಳೆಯದು, ಹಿತವಾದದ್ದು ಎಂಬ ಅರ್ಥಗಳಿವೆ. ಹೊಲದ ಕೆಲಸ ಮುಗಿಯುವುದಿಲ್ಲ, ಸಾಲ ಹರಿಯುವುದಿಲ್ಲ, ಆದರೂ ‘ಆರಾಮ’ ಎನ್ನುವ ಒಕ್ಕಲು ಮನುಷ್ಯ ಸುಳ್ಳು ಹೇಳುತ್ತಿಲ್ಲ. ಅವನ ಆರಾಮಕ್ಕೂ ಆ ನೊಗಕ್ಕೂ ಹತ್ತಿರದ ಸಂಬಂಧವಿದೆಯೆಂದೇ ನಾನು ನಂಬಿದ್ದೇನೆ.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದ ಕಥೆ ನಮ್ಮ ಕಡೆಯ ಮನೆಗಳಲ್ಲೇ ನಡೆಯಬಹುದಾದದ್ದು. ಕಪೆರ್ನೌಮಿನಲ್ಲಿ ಯೇಸು ಇದ್ದ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಪಾರ್ಶ್ವವಾಯು ಹೊಡೆದವನನ್ನು ಹೊತ್ತು ತಂದ ನಾಲ್ವರು ಮಾಳಿಗೆ ಹತ್ತಿ, ಮಣ್ಣು ಕಿತ್ತು, ಅವನನ್ನು ಹಾಸಿಗೆಸಮೇತ ಒಳಗಿಳಿಸುತ್ತಾರೆ. ಮಣ್ಣಿನ ಮಾಳಿಗೆಯೂ ಬೆಳಕಿಂಡಿಯೂ ಇದ್ದ ಮನೆಯಲ್ಲಿ ಬೆಳೆದವರಿಗೆ ಆ ಉದುರುವ ಮಣ್ಣು ಕಣ್ಣಿಗೆ ಕಟ್ಟುತ್ತದೆ. ಯೇಸು ಕಂಡದ್ದು ಆ ನಾಲ್ವರ ನಂಬಿಕೆಯನ್ನು. ಮೊದಲು ಆಡಿದ್ದು ಪಾಪ ಕ್ಷಮೆಯ ಮಾತನ್ನು. ಎದ್ದು ಹಾಸಿಗೆ ಹೊತ್ತುಕೊಂಡು ನಡೆ ಎಂದದ್ದು ಆಮೇಲೆ. ಮೈಗೊಂದು ಮನಸ್ಸಿಗೊಂದು ಎಂದು ಎರಡು ಪದ ಇಟ್ಟುಕೊಂಡವರು ಈ ಕಥೆಗೆ ವ್ಯಾಖ್ಯಾನ ಬರೆಯಬೇಕಾಗುತ್ತದೆ. ಗರಗದಲ್ಲಿ ‘ಅವಗ ಆರಾಮಾತು’ ಎಂದರೆ ಸಾಕು.

ಕ್ಷಮೆ ಎಂಬ ಪದಕ್ಕೆ ಮೂಲದಲ್ಲಿ ತಾಳು, ಸಹಿಸು ಎಂಬ ಅರ್ಥ; ಎಲ್ಲವನ್ನೂ ಸಹಿಸುವ ನೆಲಕ್ಕೂ ಅದೇ ಹೆಸರು. ನಮ್ಮ ಹಿರಿಯರು ಮಾತ್ರ ‘ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ’ ಎನ್ನುತ್ತಾರೆ. ಈ ಮಾತಿನ ಆಳಕ್ಕೆ ನಾನು ಪ್ರತಿ ಸಲ ಬೆರಗಾಗುತ್ತೇನೆ. ತಪ್ಪು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಯಾರೋ ಒಬ್ಬರು ಅದನ್ನು ತಮ್ಮೊಳಗೆ ಇಳಿಸಿಕೊಳ್ಳಬೇಕು, ಅದರ ಉರಿ ತಾವು ಉಣ್ಣಬೇಕು. ಶಿಲುಬೆಯ ಬಗ್ಗೆ ಕ್ರೈಸ್ತರು ನಂಬುವುದೂ ಇದನ್ನೇ.

ಆ ಶಿಲುಬೆಯ ಪಕ್ಕದಲ್ಲಿ, ಲೂಕನು ಹೇಳುವಂತೆ, ಒಬ್ಬ ಅಪರಾಧಿ ತೂಗುತ್ತಿದ್ದ. ತನ್ನನ್ನು ನೆನೆಸಿಕೋ ಎಂದಷ್ಟೇ ಬೇಡಿದ. ಆ ದಿನವೇ ಸೇರುವೆ ಎಂದು ಯೇಸು ಅವನಿಗೆ ಮಾತು ಕೊಟ್ಟ ಜಾಗವನ್ನು ಕನ್ನಡ ಬೈಬಲು ‘ಪರದೈಸು’ ಎಂದಿತು. ಗ್ರೀಕರಿಗೂ ಆ ಪದ ಇರಾನಿನಿಂದಲೇ ಬಂದದ್ದು, ಅಲ್ಲಿ ಅದರ ಅರ್ಥ ಸುತ್ತ ಗೋಡೆ ಕಟ್ಟಿದ ತೋಟ. ಆರವೆ ಎಂದಿದ್ದರೂ ಸಲ್ಲುತ್ತಿತ್ತು. ಯೇಸುವನ್ನು ಸಮಾಧಿ ಮಾಡಿದ್ದೂ ಒಂದು ತೋಟದಲ್ಲಿ ಎಂದು ಯೋಹಾನ ಬರೆಯುತ್ತಾನೆ.

ಧಾರವಾಡದ ಚರ್ಚುಗಳಲ್ಲಿ ಭಾನುವಾರ ಒಳಗೆ ಓದುವುದು ವಿಶ್ರಾಂತಿಯ ವಾಕ್ಯ. ಆರಾಧನೆ ಮುಗಿದು ಹೊರಗೆ ಬಂದವರು ಚಪ್ಪಲಿ ಮೆಟ್ಟುತ್ತಾ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಈಗಷ್ಟೇ ಎದ್ದು ಬಂದ ಅಜ್ಜಿಯ ಕೈ ಹಿಡಿದು ಕೇಳುತ್ತಾರೆ: ‘ಆರಾಮ ಅದೀರೇನ್ರಿ, ಅಮ್ಮಾರ?’

‘ಈಗ ಆರಾಮ ನೋಡವಾ.’