ಕೋವಿಗೆ ಕಟ್ಟಿದ ಬ್ಯಾಟರಿ

ಮನೆಯ ಟಿ.ವಿ. ರಿಮೋಟ್ ತಗೊಂಡು ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಕಡೆ ತಿರುಗಿಸಿ ಒಂದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಏನೂ ಕಾಣೋದಿಲ್ಲ. ಆದರೆ ಹೆಚ್ಚಿನ ಫೋನುಗಳ ಪರದೆಯಲ್ಲಿ ನಸುನೇರಳೆ ಬಣ್ಣದ ಚುಕ್ಕಿಯೊಂದು ಮಿಣುಕುತ್ತದೆ. ನಮ್ಮ ಕಣ್ಣಿಗೆ ನಿಲುಕದ ಅವಕೆಂಪು ಬೆಳಕು ಅದು. ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಮೊಲ, ನರಿ ಹೊಡೆಯುವವನೊಬ್ಬ ತನ್ನ ಶೆಡ್ಡಿನಲ್ಲಿ ಕೂತು ರೈಫಲ್ ಸ್ಕೋಪಿಗೆ ರಾತ್ರಿಗಣ್ಣು ಜೋಡಿಸುತ್ತಾನಲ್ಲ, ಅವನ ವಿದ್ಯೆಯೆಲ್ಲ ಈ ಚುಕ್ಕಿಯಲ್ಲೇ ಇದೆ. ಈ ಚುಕ್ಕಿಯವರೆಗೆ ಬರೋಕೆ ಮಾತ್ರ ನೂರು ವರ್ಷ ಹಿಡಿಯಿತು.

ಬ್ಯಾಟರಿ ಬರುವ ಮುಂಚೆ ರಾತ್ರಿ ಶಿಕಾರಿ ಅಂದರೆ ಬೆಳದಿಂಗಳ ಶಿಕಾರಿ. ಕೊರಳಿಗೆ ಗಂಟೆ ಕಟ್ಟಿದ ಆಡೊಂದನ್ನು ಕೆಳಗೆ ಕಟ್ಟಿ ಮರದ ಮೇಲಿನ ಮಚಾನಿನಲ್ಲಿ ಕೂತವನಿಗೆ ಚಂದ್ರನೇ ದಿಕ್ಕು. ಕತ್ತಲಲ್ಲಿ ಕೋವಿಯ ತುದಿಯ ಗುರಿಗುಬ್ಬಿ ಕಾಣದು, ಹಾಗಾಗಿ ಅದಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿಕೊಳ್ಳುತ್ತಿದ್ದರು. ಮೋಡ ಮುಚ್ಚಿದರೆ ಆ ರಾತ್ರಿ ಮುಗಿಯಿತು ಅಂತಲೇ ಲೆಕ್ಕ.

ಆಮೇಲೆ ಟಾರ್ಚ್ ಬಂತು. ನಮ್ಮ ಮಲೆನಾಡಿನಲ್ಲಿ ಈಗಲೂ ಅದನ್ನು 'ಬ್ಯಾಟರಿ' ಅಂತಲೇ ಕರೆಯೋದು. ಅದನ್ನು ಕೋವಿಯ ನಳಿಗೆಗೆ ಬಿಗಿದುಕೊಂಡರೆ ಬೆಳಕು ಬಿದ್ದ ಕಡೆಗೇ ಗುಂಡು. ರಾತ್ರಿಗಣ್ಣಿನ ಮೊದಲ ಕೈಕೆಲಸ ಇದೇ. ಇದರ ಅತಿ ಪ್ರಸಿದ್ಧ ರಾತ್ರಿ 1926ರ ಮೇ ತಿಂಗಳ ಆರಂಭದ್ದು. ಎಂಟು ವರ್ಷಗಳಲ್ಲಿ 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಗಾಗಿ ಜಿಮ್ ಕಾರ್ಬೆಟ್ ಗೋಲಬ್ರಾಯಿಯ ಮಾವಿನ ಮರ ಹತ್ತಿ ಕೂತಿದ್ದ. ಕೆಳಗೆ ಆಡಿನ ಗಂಟೆ ಸದ್ದು ಮಾಡಿತು. ರೈಫಲಿಗೆ ಕಟ್ಟಿದ ಟಾರ್ಚಿನ ಗುಂಡಿ ಒತ್ತಿದ. ಚಿರತೆಯ ಹೆಗಲು ಕಂಡಿತು, ಗುಂಡು ಹಾರಿತು, ಟಾರ್ಚೂ ಆರಿತು. ಗುಂಡು ತಗುಲಿತೋ ಇಲ್ಲವೋ ತಿಳಿಯದೆ ಉಳಿದ ರಾತ್ರಿಯೆಲ್ಲ ಅವನು ಮರದ ಮೇಲೇ ಕೂರಬೇಕಾಯಿತು. ತೇಜಸ್ವಿಯವರ ಕೈಯಲ್ಲಿ ಕನ್ನಡಕ್ಕೆ ಬಂದ ಈ ಕತೆಯನ್ನು ಓದಿದವರಿಗೆ ಆ ಕಾಯುವಿಕೆ ಗೊತ್ತು. ತೇಜಸ್ವಿ ಕನ್ನಡಕ್ಕೆ ತಂದ ಇನ್ನೊಬ್ಬ ಶಿಕಾರಿ, ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೂಡ ನರಭಕ್ಷಕಗಳಿಗಾಗಿ ಹೀಗೇ ರೈಫಲಿಗೆ ಟಾರ್ಚ್ ಬಿಗಿದುಕೊಂಡು ರಾತ್ರಿಗಟ್ಟಲೆ ಕೂತವರು.

ಟಾರ್ಚಿನ ದೋಷ ಒಂದೇ: ನಿನಗೆ ಕಾಣುವಂತೆ ಮಾಡುವ ಬೆಳಕು ನಿನ್ನನ್ನೂ ತೋರಿಸಿಕೊಡುತ್ತದೆ. ಚಿರತೆ ತಿರುಗಿ ಗುಂಡು ಹಾರಿಸುವುದಿಲ್ಲ, ಆದ್ದರಿಂದ ಶಿಕಾರಿಗೆ ಇದು ಅಷ್ಟು ದೊಡ್ಡ ಸಮಸ್ಯೆಯಲ್ಲ. ಸೈನಿಕನಿಗೆ ಮಾತ್ರ ಪ್ರಾಣದ ಪ್ರಶ್ನೆ. ಹಾಗಾಗಿ ಎದುರಾಳಿಗೆ ಕಾಣದ ಬೆಳಕು ಬೇಕಾಯಿತು.

ದಾರಿ ತೆರೆದದ್ದು 1934ರಲ್ಲಿ, ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ. ಗಿಲ್ಲೆಸ್ ಹೋಲ್ಸ್ಟ್ ಮತ್ತು ಸಂಗಡಿಗರು ಒಂದು ಗಾಜಿನ ಕೊಳವೆ ಮಾಡಿದರು. ಅದರ ಒಂದು ತುದಿಗೆ ಅವಕೆಂಪು ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಡುತ್ತವೆ. ಹೆಚ್ಚಿನ ವೋಲ್ಟೇಜು ಅವನ್ನು ಎಳೆದು ಇನ್ನೊಂದು ತುದಿಯ ಹೊಳೆಯುವ ಪರದೆಗೆ ಅಪ್ಪಳಿಸುತ್ತದೆ. ಕಾಣದ ಚಿತ್ರ ಹಸಿರಾಗಿ ಕಾಣುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಇದೇ ತತ್ವ ಕೋವಿಯ ಬೆನ್ನೇರಿತು. ಜರ್ಮನರು ತಮ್ಮದಕ್ಕೆ 'ವ್ಯಾಂಪೈರ್' ಅಂತ ಹೆಸರಿಟ್ಟರು. ರೈಫಲಿನ ಮೇಲಿನ ದೀಪ, ದುರ್ಬೀನು ಸೇರಿ ಎರಡು ಕಿಲೋ ಚಿಲ್ಲರೆ. ಆದರೆ ಅದನ್ನು ಉರಿಸಲು ಸೈನಿಕ ಬೆನ್ನಿಗೆ ಹೊತ್ತ ಬ್ಯಾಟರಿಯ ಹೊರೆ ಹದಿಮೂರು ಕಿಲೋ ದಾಟುತ್ತಿತ್ತು. ಅಮೆರಿಕನ್ನರು 'ಸ್ನೈಪರ್‌ಸ್ಕೋಪ್' ಕಟ್ಟಿದ ಕಾರ್ಬೈನ್‌ಗಳನ್ನು 1945ರಲ್ಲಿ ಓಕಿನಾವಾಕ್ಕೆ ಒಯ್ದರು. ಅದರ ನೋಟ ಎಪ್ಪತ್ತು ಗಜದಷ್ಟೇ. ಆದರೂ ಕತ್ತಲನ್ನೇ ನಂಬಿ ತೆವಳಿ ಬರುತ್ತಿದ್ದ ಜಪಾನಿ ಸೈನಿಕರಿಗೆ ಆ ಎಪ್ಪತ್ತು ಗಜ ಸಾಕಾಗಿತ್ತು. ತಮ್ಮ ಮೇಲೆ ಬೆಳಕು ಬಿದ್ದಿದೆ ಅನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಈ ಕೊಳವೆಗಳು ಮಿಲಿಟರಿಯ ಹಳೇ ಸಾಮಾನಿನ ಜೊತೆ ಅಮೆರಿಕದ ಅಂಗಡಿಗಳಿಗೆ ಬಂದವು. ರೇಡಿಯೋ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಅವನ್ನು ಕೊಂಡು ಮನೆಯಲ್ಲೇ ರಾತ್ರಿ ದುರ್ಬೀನು ಕಟ್ಟತೊಡಗಿದರು. ಕೊಳವೆಗೆ ಸಾವಿರಾರು ವೋಲ್ಟ್ ಬೇಕು. ಎಚ್ಚರ ತಪ್ಪಿದರೆ ಕತ್ತಲು ನೋಡುವ ಮೊದಲೇ ನಕ್ಷತ್ರ ಕಾಣುತ್ತಿದ್ದವು.

ಅಷ್ಟರಲ್ಲಿ ಸೈನ್ಯಕ್ಕೆ ಇದೂ ಸಾಲದಾಯಿತು. ಕಾಣದ ಬೆಳಕು ಅಂದರೂ ಅಂಥದ್ದೇ ಕೊಳವೆ ಎದುರಾಳಿಯ ಕೈಯಲ್ಲೂ ಇದ್ದರೆ ನಿಮ್ಮ ದೀಪ ಅವನಿಗೆ ಜಾತ್ರೆಯ ಲೈಟಿನ ಹಾಗೆ ಕಾಣುತ್ತದೆ. ಕಾರ್ಬೆಟ್ಟನ ಟಾರ್ಚಿನ ಹಳೇ ದೋಷವೇ ಮತ್ತೆ. ಅದಕ್ಕೆ ಸಿಕ್ಕ ಉತ್ತರ, ದೀಪವನ್ನೇ ಬಿಟ್ಟುಬಿಡೋದು. ವಿಯೆಟ್ನಾಂ ಯುದ್ಧದಲ್ಲಿ ಬಂದ 'ಸ್ಟಾರ್‌ಲೈಟ್ ಸ್ಕೋಪ್' ನಕ್ಷತ್ರಗಳ ಮಂಕು ಬೆಳಕನ್ನೇ ಹಿಡಿದು ಸಾವಿರಾರು ಪಟ್ಟು ಹಿಗ್ಗಿಸುತ್ತಿತ್ತು. ಮುಂದಿನ ಪೀಳಿಗೆಯಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ರಂಧ್ರಗಳಿರುವ ಗಾಜಿನ ಬಿಲ್ಲೆ ಬಂದು ಉಪಕರಣ ಅಂಗೈಗೆ ಇಳಿಯಿತು. ನಮ್ಮ ಬಿ.ಇ.ಎಲ್. ಸಹ ಸೈನ್ಯಕ್ಕೆ ಇಂಥವನ್ನು ಮಾಡಿಕೊಡುತ್ತದೆ. ಕೊಳವೆಗಳಿಗಾಗಿ ಪುಣೆಯಲ್ಲಿ ಅದರದೇ ಅಂಗಸಂಸ್ಥೆ ಇದೆ. ಆದರೆ ಒಳ್ಳೆಯ ಕೊಳವೆಯ ಬೆಲೆ ಸಾಮಾನ್ಯನ ಕೈಗೆ ಎಟುಕುವಂಥದ್ದಲ್ಲ. ಮನೆಯಲ್ಲಿ ಮಾಡಿಕೊಳ್ಳುವವರ ಆಟ ಅಲ್ಲಿಗೆ ನಿಂತಿತು ಅನ್ನಿಸಿತ್ತು.

ಅದಕ್ಕೆ ಮರುಜೀವ ಕೊಟ್ಟದ್ದು ಸಿ.ಸಿ. ಟಿ.ವಿ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದ ಸಿ.ಸಿ.ಡಿ. ಚಿಪ್ಪಿಗೆ, ಸಿಲಿಕಾನಿನ ಗುಣದಿಂದಾಗಿ, ಅವಕೆಂಪು ಸಹಜವಾಗಿಯೇ ಕಾಣುತ್ತದೆ. ಹಗಲಿನ ಫೋಟೋದ ಬಣ್ಣ ಕೆಡದಿರಲಿ ಅಂತ ಕ್ಯಾಮೆರಾದವರು ಮುಂದೆ ಒಂದು ಫಿಲ್ಟರ್ ಹಾಕಿ ಅದನ್ನು ತಡೆಯುತ್ತಾರೆ, ಅಷ್ಟೇ. ಅಂಗಡಿ ಕಾಯುವ ಕ್ಯಾಮೆರಾದಲ್ಲಿ ರಾತ್ರಿ ಹೊತ್ತು ಆ ತಡೆ ಇರುವುದಿಲ್ಲ. ಇಂಥ ಅಗ್ಗದ ಕ್ಯಾಮೆರಾವನ್ನು ಸ್ಕೋಪಿನ ಹಿಂಭಾಗಕ್ಕೆ ಪೈಪಿನ ತುಂಡಿನಲ್ಲಿ ಕೂರಿಸಿ, ಮೇಲೊಂದು ಪುಟ್ಟ ಪರದೆ, ಪಕ್ಕದಲ್ಲಿ ಅವಕೆಂಪು ಎಲ್.ಇ.ಡಿ. ಟಾರ್ಚು ಇಟ್ಟರೆ ವ್ಯಾಂಪೈರಿನ ಮರಿಮೊಮ್ಮಗ ಸಿದ್ಧ.

ಹಳೇ ಕಾಟ ಮಾತ್ರ ಇಲ್ಲೂ ಬಿಡಲಿಲ್ಲ. ಈ ಎಲ್.ಇ.ಡಿ.ಗಳಲ್ಲಿ ಮುಖ್ಯವಾಗಿ ಎರಡು ಬಗೆ. 850 ನ್ಯಾನೊಮೀಟರಿನದು ದೂರ ಕಾಣಿಸುತ್ತದೆ, ಆದರೆ ದೀಪವನ್ನೇ ದಿಟ್ಟಿಸಿದರೆ ಮಂಕಾದ ಕೆಂಡದ ಚುಕ್ಕಿ ಗೋಚರಿಸುತ್ತದೆ. 940ರದ್ದು ಪೂರ್ತಿ ಅಗೋಚರ, ಆದರೆ ಚಿಪ್ಪಿಗೂ ಅದು ಮಂದವಾಗಿಯೇ ಕಾಣುವುದರಿಂದ ನೋಟದ ದೂರ ಕಡಿಮೆ. ಹೆಚ್ಚು ನೋಡಬೇಕೆಂದರೆ ಸ್ವಲ್ಪ ಕಾಣಿಸಿಕೊಳ್ಳಲೇಬೇಕು.

ಇದಕ್ಕಿಂತ ದೊಡ್ಡ ಕಾಟ ಇನ್ನೊಂದು. ಪುಟ್ಟ ಪರದೆಯ ಕಪ್ಪುಬಿಳುಪಿನಲ್ಲಿ ಮೊದಲು ಕಾಣುವುದು ಪ್ರಾಣಿಯಲ್ಲ, ಹೊಳೆಯುವ ಎರಡು ಕಣ್ಣು. ನರಿಯ ಕಣ್ಣೂ ಹೊಳೆಯುತ್ತದೆ, ನಾಯಿಯದೂ ಹೊಳೆಯುತ್ತದೆ, ಪಕ್ಕದ ಮನೆಯ ಕರುವಿನದೂ ಹೊಳೆಯುತ್ತದೆ. ಮನುಷ್ಯನದು ಆ ಥರ ಹೊಳೆಯುವುದೇ ಇಲ್ಲ. ಅವನು ಪೊದೆಯಲ್ಲಿ ಅಲುಗಾಡುವ ಬೂದುಬಣ್ಣದ ಗುಡ್ಡೆ ಅಷ್ಟೇ. ಹಂದಿ ಅಂತ ತಿಳಿದು ಜೊತೆಗೆ ಬಂದವನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಅರ್ಧ ಶತಮಾನ ಕಳೆದರೂ ಹೆಡ್‌ಲೈಟ್ ಕಟ್ಟಿಕೊಂಡು ರಾತ್ರಿ ಕಾಡಿಗೆ ನುಗ್ಗುವವರು ಪೂರ್ತಿ ನಿಂತಿಲ್ಲ. ಇಂಥವರ ಕೈಗೆ ಇನ್ನೂ ಒಳ್ಳೆಯ ಕಣ್ಣು ಸಿಕ್ಕಿಬಿಟ್ಟರೆ ತಪ್ಪು ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸೋದಿಲ್ಲ. ಧೈರ್ಯ ಹೆಚ್ಚಾಗುತ್ತದೆ. ಕಾಣುವುದು ಬೇರೆ, ಗುರುತಿಸುವುದು ಬೇರೆ. ನೂರು ವರ್ಷದ ಈ ವಿದ್ಯೆ ಮೊದಲನೆಯದನ್ನಷ್ಟೇ ಚೆನ್ನಾಗಿ ಕಲಿಸಿದೆ.

ಕಾರ್ಬೆಟ್ ಟಾರ್ಚ್ ಕಟ್ಟಿಕೊಂಡು ಕೂತ ಅದೇ 1920ರ ದಶಕದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹಿಮಾಲಯದ ತಪ್ಪಲಿನ ಕಾಡುದಾರಿಗಳಿಗೆ ತಂತಿ ಕಟ್ಟುತ್ತಿದ್ದ. ಹುಲಿ ತಂತಿ ಎಡವಿದರೆ ಫ್ಲ್ಯಾಶ್ ಹತ್ತಿ ಅದರ ಫೋಟೋ ತೆಗೆದುಕೊಳ್ಳುತ್ತಿತ್ತು. ಆ ಚಿತ್ರಗಳ ಪುಸ್ತಕ 1927ರಲ್ಲಿ ಬಂತು. ಕಾರ್ಬೆಟ್ ಮುಂದೆ ಕೋವಿ ಬಿಟ್ಟು ಕ್ಯಾಮೆರಾ ಹಿಡಿಯಲು ಚಾಂಪಿಯನ್ನನ ಪ್ರೇರಣೆಯೂ ಇತ್ತು. ಈವತ್ತು ಕಾಡಿನ ಮರಗಳಿಗೆ ಬಿಗಿದಿರುವ ಕ್ಯಾಮೆರಾ ಟ್ರ್ಯಾಪುಗಳು ಅವನ ತಂತಿಯ ವಂಶದವು. ಅವುಗಳಲ್ಲಿ ಎಷ್ಟೋ ಕ್ಯಾಮೆರಾಗಳಲ್ಲಿ ಉರಿಯೋದು ಅದೇ ಅವಕೆಂಪು ಎಲ್.ಇ.ಡಿ., ನಿಮ್ಮ ರಿಮೋಟಿನಲ್ಲಿ ಮಿಣುಕಿದ್ದರ ಅಣ್ಣತಮ್ಮಂದಿರು. ಅಲ್ಲಿ ಹುಲಿಯನ್ನು ಅದರ ಪಟ್ಟೆಗಳಿಂದ ಗುರುತು ಹಿಡಿಯುತ್ತಾರೆ. ಚಿತ್ರ ಮಸುಕಾಗಿದ್ದರೆ ಇನ್ನೊಂದು ಚಿತ್ರ ಬರುವವರೆಗೆ ಕಾಯುತ್ತಾರೆ. ಕೋವಿಯ ಮೇಲಿನ ಪರದೆ ನೋಡುವವನಿಗೆ ಇಲ್ಲದಿರುವುದು ಆ ಪುರಸೊತ್ತೇ.